ನಿನ್ನ ಟ್ರೇಲರಿನ ಹಿಂದೆ ನಾನು ಬರೆದ ಅರ್ಧ ಸಾಲು

ಸಿದ್ದಪ್ಪಾ, ಒಂಬತ್ತು ವರ್ಷದ ಹಿಂದೆ ನಿನ್ನ ಟ್ರೇಲರಿನ ಹಿಂಬದಿಗೆ ನಾನು ಬರೆದ ಮಾತಿನ ಅರ್ಥ, ನಾನು ನಿನಗೆ ಹೇಳಿದ್ದಲ್ಲ. ನಿಜವಾದ ಅರ್ಥ ನನಗೆ ಆಗಲೇ ಗೊತ್ತಿತ್ತು. ಗೊತ್ತಿದ್ದೂ ಸುಳ್ಳು ಹೇಳಿದೆ — ನಿನ್ನ ಮುಖ ನೋಡುತ್ತ, ಕೈಯಲ್ಲಿ ಬ್ರಷ್ ಹಿಡಿದು, ನಗುನಗುತ್ತ.

ಮೂಡಲಗಿ ಬಸ್ ಸ್ಟ್ಯಾಂಡಿನ ಎದುರು ಕುಳಿತು ಬೋರ್ಡು ಬರೆಯುವ ನನಗೂ ಲ್ಯಾಟಿನ್ ಭಾಷೆಗೂ ಎಲ್ಲಿಯ ನಂಟು ಎಂದು ನೀನು ಕೇಳಬಹುದು. ಹುಕ್ಕೇರಿಯಲ್ಲಿ ಗಣಿತ ಕಲಿಸಿ ನಿವೃತ್ತರಾದ ಮಾಸ್ತರರೊಬ್ಬರಿದ್ದರು. ತಮ್ಮ ಅಂಗಳದಲ್ಲಿ ಕರಿಕಲ್ಲಿನದೊಂದು ನೆರಳು ಗಡಿಯಾರ ಮಾಡಿಸಿದ್ದರು — ನಡುವೆ ಹಿತ್ತಾಳೆಯ ಪಟ್ಟಿ, ಸುತ್ತಲೂ ಗಂಟೆಯ ಗೆರೆಗಳು. ಅಂಕಿಗಳಿಗೆ ಬಿಳಿ ಬಣ್ಣ ತುಂಬಲು ನನ್ನನ್ನು ಕರೆಸಿದರು. ಹತ್ತರ ಅಂಕಿ ಬರೆಯಲು ಕುಳಿತಾಗ ನೆರಳು ಗೆರೆಯಿಂದ ಒಂದು ಬೆರಳು ಈಚೆಗಿತ್ತು. ಬರೆದು ಮುಗಿಸಿ ನೋಡುತ್ತೇನೆ — ಗೆರೆಯನ್ನು ಮುಟ್ಟಿಬಿಟ್ಟಿದೆ. ಬ್ರಷ್ ಕೆಳಗಿಟ್ಟೆ. ಕೈಗಡಿಯಾರದ ಮುಳ್ಳನ್ನು ಆಯುಷ್ಯವೆಲ್ಲ ನೋಡಿದ್ದೇನೆ. ಅದು ಯಂತ್ರ, ಓಡುತ್ತದೆ. ಆದರೆ ಇದು — ನಾನು ಕುಳಿತ ನೆಲವೇ ತಿರುಗುತ್ತಿದೆ, ಅಷ್ಟು ದೂರದ ಸೂರ್ಯ ಅದನ್ನು ನನ್ನ ಬ್ರಷ್ಷಿನ ತುದಿಯಲ್ಲಿ ತೋರಿಸುತ್ತಿದ್ದಾನೆ... ಮೈಮೇಲೆ ಮುಳ್ಳೆದ್ದವು.

ಮಾಸ್ತರು ನಕ್ಕರು. "ಹೆದರಬ್ಯಾಡ್ರಿ. ಅದು ದಿನಾ ಹಿಂಗ ಹೊಕ್ಕೈತಿ. ನಾವ ನೋಡಂಗಿಲ್ಲ."

ಆಮೇಲೆ ಒಳಗಿನಿಂದ ಒಂದು ವಹಿ ತಂದು ಓದಿದರು. ಹಿಂದೆ ದೂರದ ದೇಶಗಳಲ್ಲಿ ಇಂಥ ಗಡಿಯಾರದ ಕಲ್ಲಿನ ಮೇಲೆ ಲ್ಯಾಟಿನ್ನಿನಲ್ಲಿ ಒಂದೊಂದು ಮಾತು ಕೆತ್ತುತ್ತಿದ್ದರಂತೆ. 'ಹಿಕ್ ಎತ್ ನುಂಕ್' — ಇಲ್ಲೇ, ಈಗಲೇ. 'ಹೋರಾಸ್ ನೋನ್ ನುಮೆರೊ ನಿಸಿ ಸೆರೆನಾಸ್' — ಬಿಸಿಲಿನ ಗಳಿಗೆಗಳನ್ನಷ್ಟೇ ನಾನು ಎಣಿಸುತ್ತೇನೆ. ಮತ್ತೊಂದು, 'ಉಲ್ತಿಮಾ ಲಾತೆತ್' — ಕೊನೆಯ ಗಳಿಗೆ ಮರೆಯಲ್ಲಿದೆ. ಇದಕ್ಕೆ ಉಳಿದರ್ಧವೂ ಇತ್ತು: ಎಲ್ಲ ಗಳಿಗೆಗಳನ್ನೂ ನಾವು ಜೋಪಾನ ಮಾಡಲೆಂದು. ಮನೆಮಾತಾಗಿ ಆಡುವವರು ಯಾರೂ ಉಳಿಯದ ಭಾಷೆಯಂತೆ ಅದು. ಅಂಥ ಭಾಷೆ ಹುಕ್ಕೇರಿಯ ಅಂಗಳದಲ್ಲಿ ನನ್ನನ್ನು ಹೆಸರು ಹಿಡಿದು ಕರೆದ ಹಾಗಾಯಿತು. ಎಲ್ಲವನ್ನೂ ಒಂದು ಕಾಗದದ ಮೇಲೆ ಇಳಿಸಿಕೊಂಡು ಬಂದೆ.

ಮುಂದಿನ ವಾರವೇ ನೀನು ಕಲ್ಲೋಳಿಯಿಂದ ಹೊಸ ಟ್ರೇಲರ್ ತಂದು ನನ್ನ ಅಂಗಡಿ ಮುಂದೆ ನಿಲ್ಲಿಸಿದೆ. ಹೆಸರು, ಊರು, ದೇವರ ಕೃಪೆ, ಎರಡು ಮೂಲೆಗೆ ಎರಡು ಕಮಲ — ಇಷ್ಟು ಹೇಳಿ ನೀನು ಸಂತೆಗೆ ಹೋದೆ. ಕೆಳಗೆ ಒಂದಿಷ್ಟು ಜಾಗ ಉಳಿಯಿತು. ಖಾಲಿ ಜಾಗ ಕಂಡರೆ ಕೈ ತುರಿಸುವುದು ನನ್ನ ಹಳೆಯ ರೋಗ. ಯಾರನ್ನೂ ಕೇಳದೆ, ಕೆಂಪು ನೆಲದ ಮೇಲೆ ಹಳದಿಯಲ್ಲಿ 'ಉಲ್ತಿಮಾ ಲಾತೆತ್' ಎಂದು ಅವರ ಲಿಪಿಯಲ್ಲೇ ಬರೆದೆ. ಉಳಿದರ್ಧಕ್ಕೆ ಜಾಗ ಸಾಲಲಿಲ್ಲ. ಅಂಥ ಚೆಂದದ ಅಕ್ಷರ ನನ್ನ ಕೈಯಿಂದ ಮತ್ತೆ ಬಂದಿಲ್ಲ.

"ಇದೇನ್ರಿ ಕಾಕಾ? ಅರ್ಥ ಏನ್ರಿ?" ಎಂದು ಕೇಳಿದೆ ನೀನು.

ಹೊಸ ಗಾಡಿ, ಇನ್ನೂ ಪೂಜೆಯಾಗಿಲ್ಲ. ಅದರ ಮೇಲೆ ಸಾವಿನ ಮಾತು ಬರೆದಿದ್ದೇನೆ ಎಂದರೆ ಅಳಿಸು ಎನ್ನುತ್ತೀ. ಅಳಿಸಲು ನನಗೆ ಮನಸ್ಸಿರಲಿಲ್ಲ — ಅಷ್ಟೇ, ಬೇರೆ ಕಾರಣವಿಲ್ಲ.

"ಇನ್ನೂ ಹೊತ್ತೈತಿ ಅಂತ ಅರ್ಥ," ಎಂದೆ.

ನಿನ್ನ ಮುಖ ಅರಳಿತು. "ಭಾರಿ ಮಾತ್ರಿ ಕಾಕಾ! ನನಗಂತನ ಬರದಂಗ ಐತಿ ನೋಡ್ರಿ."

ನೀನು ಯಾಕೆ ಹಾಗೆಂದೆ ಎಂಬುದು ನನಗೆ ಆಮೇಲೆ ತಿಳಿಯಿತು. ನಿಮ್ಮದು ಕುರಿ ಕಾಯ್ದು ಬಾಳಿದ ಮನೆತನ. ನಿನ್ನ ಪಾಲಿನ ಕುರಿ ಮಾರಿ ನೀನು ಟ್ರ್ಯಾಕ್ಟರ್ ತಂದಿದ್ದೆ. "ಕುರಿ ಮಾರಿದಾಂವ ನನ್ನ ತಮ್ಮ ಅಲ್ಲ," ಎಂದು ನಿನ್ನ ಅಣ್ಣ ಲಕ್ಕಪ್ಪ ತನ್ನ ಹಿಂಡು ಹೊಡೆದುಕೊಂಡು ಹಿಡಕಲ್ ಕಡೆಗೆ ಹೋಗಿ ಅಲ್ಲೇ ನೆಲೆಯಾದ. ನೀನು ಒಮ್ಮೆ ಹೋಗಿ ಅವನ ಕಾಲು ಮುಟ್ಟಿದ್ದರೆ ಸಾಕಿತ್ತು. ಹೋಗಬೇಕೆಂದು ನಿನಗೂ ಇತ್ತು. ವರ್ಷಕ್ಕೊಮ್ಮೆ ಬಣ್ಣ ತಿದ್ದಿಸಲು ಬಂದಾಗ ನೀನೇ ಹೇಳುತ್ತಿದ್ದೆ — ಕಬ್ಬಿನ ಹಂಗಾಮು ಮುಗಿಯಲಿ, ಮಗಳ ಮದುವೆ ಆಗಲಿ. ಆಮೇಲೆ ಆ ಸಾಲಿನ ಮೇಲೆ ಕೈ ತಟ್ಟಿ, "ಹೊತ್ತೈತಲ್ರಿ ಕಾಕಾ, ನೀವ ಬರದೀರಿ," ಎನ್ನುತ್ತಿದ್ದೆ.

ಆರನೆಯ ವರ್ಷ — ನನ್ನನ್ನು ಸುಡುವುದು ಇದೇ — ನನ್ನ ಅಂಗಡಿಯಲ್ಲಿ ಚಹಾ ಕುಡಿಯುತ್ತ ಕೇಳಿದೆ: "ಅಣ್ಣಗ ಆರಾಮಿಲ್ಲಂತ್ರಿ. ಇವತ್ತ ಗೋಕಾಕಕ್ಕ ಲೋಡ್ ಐತಿ. ಅಲ್ಲಿಂದ ಹಂಗ ಹಿಡಕಲ್ಲಿಗೆ ಹೋಗಿ ಬರ್ಲೇನ್ರಿ?" ಹೋಗು ಎನ್ನಬೇಕಿತ್ತು. ನಾನು ಬಾಯಿ ತೆರೆಯುವಷ್ಟರಲ್ಲಿ ನೀನೇ ಟ್ರೇಲರಿನ ಕಡೆ ನೋಡಿ ನಕ್ಕೆ. "ಅಮಾಸಿ ಆಗ್ಲಿ ಬಿಡ್ರಿ." ನಾನು ಕಪ್ಪಿನ ತಳದ ಸಕ್ಕರೆ ಅಲ್ಲಾಡಿಸುತ್ತ ಕುಳಿತೆ. ಒಂದೇ ಒಂದು ಮಾತು — ಸಿದ್ದಪ್ಪಾ, ಅದರ ಅರ್ಥ ಅದಲ್ಲ — ನಾಲಿಗೆಯ ತುದಿಯಲ್ಲಿತ್ತು. ಆದರೆ ಇಷ್ಟು ವರ್ಷದ ಸುಳ್ಳನ್ನು ಒಪ್ಪಿಕೊಂಡು ನಿನ್ನೆದುರು ಸಣ್ಣವನಾಗಬೇಕಲ್ಲ... ಕಪ್ಪು ತೊಳೆಯಲು ಎದ್ದುಹೋದೆ. ಅಮಾವಾಸ್ಯೆಗೆ ಮೂರು ದಿನ ಇರುವಾಗಲೇ ಲಕ್ಕಪ್ಪ ತೀರಿಕೊಂಡ.

ಅವನ ಮಣ್ಣಿಗೆ ನಾನೂ ಹಿಡಕಲ್ಲಿಗೆ ಬಂದಿದ್ದೆ. ನಿನ್ನ ಅತ್ತಿಗೆ ಹೊಸದೊಂದು ಕರಿ ಕಂಬಳಿ ತಂದು ನಿನ್ನ ಮುಂದೆ ಹಾಸಿದಳು. "ತಮ್ಮ ಬಂದ್ರ ಕುಂದ್ರಸಾಕ ಬೇಕಂತ ನೇಯಿಸಿ ಇಟ್ಟಿದ್ರಪಾ. ಆಗಾಗ ಬಿಸಲಿಗೆ ಹಾಕಿ, ಜಾಡಿಸಿ, ಮತ್ತ ಮಡಚಿ ಇಡತಿದ್ರು." ನೀನು ಕೂರಲಿಲ್ಲ. ಕಂಬಳಿಯ ಅಂಚು ಹಿಡಿದು ಬಗ್ಗಿದವನು ಬಹಳ ಹೊತ್ತು ಹಾಗೇ ಇದ್ದೆ.

ಹುಕ್ಕೇರಿಯ ಕಲ್ಲಿನ ಮುಂದೆ ಎದ್ದ ಮುಳ್ಳು ಅವತ್ತು ಮತ್ತೆ ಎದ್ದವು. ಆರು ವರ್ಷ ಸಿಟ್ಟಿನಲ್ಲೇ ಇದ್ದ ಮನುಷ್ಯ, ತಮ್ಮ ಈಗ ಬಂದಾನು, ಇವತ್ತು ಬಂದಾನು ಎಂದು ಕಂಬಳಿಯನ್ನು ಬಿಸಿಲಿಗೆ ಹಾಕುತ್ತಿದ್ದ! ಜಾಗ ಸಾಲದೆಂದು ನಾನು ಬಿಟ್ಟ ಅರ್ಧವನ್ನು, ಎಲ್ಲ ಗಳಿಗೆಗಳನ್ನೂ ಜೋಪಾನ ಮಾಡುವ ಆ ಮಾತನ್ನು, ಲ್ಯಾಟಿನ್ನಿನ ಹೆಸರೂ ಕೇಳದ ಲಕ್ಕಪ್ಪ ಬಾಳಿ ತೋರಿಸಿದ್ದ. ಇಷ್ಟು ದೊಡ್ಡದನ್ನು ಕಣ್ಣಾರೆ ಕಂಡ ಮೇಲೂ ನಾನು ಬಾಯಿ ಬಿಡಲಿಲ್ಲ.

ನಿನ್ನೆ ನೀನು ಮತ್ತೆ ಬಂದೆ, ಟ್ರೇಲರಿಗೆ ಅಣ್ಣನ ಹೆಸರು ಬರೆಸಲು. ಹಳೆಯ ಬಣ್ಣ ಕೆರೆಯಹೊರಟ ನನ್ನ ಕೈ ಹಿಡಿದೆ. "ಆ ಸಾಲ ಅಳಸಬ್ಯಾಡ್ರಿ ಕಾಕಾ. ಅಣ್ಣನ ಮಗ ನನ್ನ ಕೂಡ ಮಾತಾಡವಲ್ಲ. ಹೊಕ್ಕೇನಿ ಒಂದಿನ. ಹೊತ್ತೈತಲ್ಲ." ನಾನೇನು ಮಾಡಿದೆ ಗೊತ್ತೇ? ಆ ಸಾಲಿಗೆ ಇನ್ನೊಂದು ಕೈ ಹಳದಿ ಹೊಡೆದು, ಹೊಳೆಯುವ ಹಾಗೆ ಮಾಡಿ ಕಳಿಸಿದೆ.

ಹೇಳಿಬಿಡಬೇಕು ಎಂದು ಮೂರು ವರ್ಷದಿಂದ ಅಂದುಕೊಳ್ಳುತ್ತಿದ್ದೇನೆ. ಪ್ರತಿಸಲವೂ ಇನ್ನೂ ಹೊತ್ತಿದೆ ಎಂದುಕೊಂಡೆ — ನಿನಗೆ ಹೇಳಿದ ಸುಳ್ಳನ್ನು ನಾನೂ ನಂಬಿ ಕುಳಿತೆ. ಕ್ಷಮಿಸು ಎಂದು ಮೇಲೆ ಎಲ್ಲೋ ಬರೆದಿದ್ದೆ, ಹೊಡೆದು ಹಾಕಿದೆ. ಲಕ್ಕಪ್ಪನ ಕಂಬಳಿಯ ಮೇಲೆ ನೀನು ಅಣ್ಣನ ಎದುರು ಕೂರಬೇಕಿತ್ತು. ಅದನ್ನು ತಪ್ಪಿಸಿದವನು ನಾನು.

ಈ ಕಾಗದವನ್ನು ಟಪಾಲಿಗೆ ಹಾಕುವುದಿಲ್ಲ. ಎದುರಿಗೆ ಕಲ್ಲೋಳಿಯ ಬಸ್ಸು ನಿಂತಿದೆ. ಹಳದಿ ಡಬ್ಬಿಯೂ ಬ್ರಷ್ಷೂ ಚೀಲದಲ್ಲಿವೆ. ನಿನ್ನ ಅಂಗಳದಲ್ಲಿ ನಿಂತು ನಾನೇ ಓದುತ್ತೇನೆ. ಬೈಯಬೇಕೆನಿಸಿದರೆ ಬೈ, ಕೈ ಎತ್ತಬೇಕೆನಿಸಿದರೆ ಎತ್ತು — ಆದರೆ ಸಂಜೆಗೆ. ಮೊದಲು ಹಿಡಕಲ್ಲಿಗೆ ಹೋಗು, ನಿನ್ನ ಅಣ್ಣನ ಮಗನನ್ನು ಕಾಣು. ಉಳಿದರ್ಧ ಸಾಲನ್ನು ನೀನು ತಿರುಗಿ ಬಂದ ಮೇಲೆ ಬರೆಯುತ್ತೇನೆ. ಕಮಲ ಅಳಿಸಿದರೆ ಜಾಗ ಸಾಲುತ್ತದೆ.