ಬಡಗಿಯ ಬಿಳಿ ರಕ್ತಕಣಗಳು

ತನ್ನ ರಕ್ತದಲ್ಲಿ ಒಂದು ಬಗೆಯ ಬಿಳಿ ಕಣ ಬೇರೆಯವರಿಗಿಂತ ಮೂರು ಪಟ್ಟು ಇದೆ ಎಂದು ಗೊತ್ತಾದಾಗ, ಬಡಗಿ ಉಬ್ಬಸದ ನಡುವೆಯೂ ಮೀಸೆ ತಿರುವಿದ.

"ನೋಡಿದ್ಯಾ? ಒಳಗೆ ದೊಡ್ಡ ಸೈನ್ಯಾನೇ ಇದೆ. ಇನ್ನು ದಿನಾ ಇನ್‌ಹೇಲರ್ ಯಾಕೆ?"

ಪ್ರಯೋಗಾಲಯದಲ್ಲಿ ಅಂಥ ಕಣಗಳನ್ನೇ ನೋಡುವ ತಂಗಿ ಹಣೆ ಚಚ್ಚಿಕೊಂಡಳು. "ಅಯ್ಯೋ ಅಣ್ಣಾ, ನಿನ್ನ ಸೈನ್ಯಕ್ಕೆ ಮರದ ಪುಡಿಯೂ ಶತ್ರುವೇ! ಅದನ್ನ ಹೊಡೆಯೋಕೆ ಹೋಗಿ ನಿನ್ನ ಶ್ವಾಸನಾಳಾನೇ ಹಾಳು ಮಾಡ್ತಿದೆ. ಒಳಗೋಡೆ ಊದಿ ದಾರಿ ಕಿರಿದಾಗಿದೆ. ದಿನದ ಇನ್‌ಹೇಲರ್ ಆ ಊತಾನ ಇಳಿಸಿಡುತ್ತೆ. ಅದನ್ನ ಬಿಟ್ಟರೆ ಉಳೀನೂ ಬಿಡಬೇಕಾಗುತ್ತೆ."

ಉಳಿಯ ಮಾತು ನೇರ ನಾಟಿತು. ಮಳೆಗೆ ಊದಿದ ಬಾಗಿಲುಗಳನ್ನು ಮೂವತ್ತು ವರ್ಷ ಹೆರೆದು ಸರಿಮಾಡಿದವನು ಅವನು.

"ಅಂದ್ರೆ, ಉಸಿರು ಕಟ್ಟಿದಾಗ ಮಾತ್ರ ಔಷಧ ಎಳೆಯೋದು, ಊದಿದ ಬಾಗಿಲನ್ನ ಹೆರೆಯದೆ ಬರೀ ಗುದ್ದಿ ತೆಗೆದ ಹಾಗೆ?"

"ಅಂತೂ ಬಂತಪ್ಪಾ ಬುದ್ಧಿ!"

ಮರುದಿನವೇ ಅವನು ಮಾಸ್ಕ್ ತಂದ, ಕೆಲಸದ ಮೇಜಿನ ಪಕ್ಕದಲ್ಲಿ ಇನ್‌ಹೇಲರಿಗೊಂದು ಪುಟ್ಟ ಗೂಡು ಹೊಡೆದ. ತಿಂಗಳೊಪ್ಪತ್ತಿನಲ್ಲಿ ಕೆಮ್ಮು ನಿಂತಿತು.

"ವಾಸಿಯಾಯ್ತಲ್ಲ, ಇನ್ನು ಬಿಟ್ಟುಬಿಡಿ," ಎಂದ ಪಕ್ಕದಂಗಡಿಯವನು.

ಬಡಗಿ ಗೂಡಿನಿಂದ ಇನ್‌ಹೇಲರ್ ತೆಗೆದ. ಎರಡು ಸಲ ಎಳೆದು, ಬಾಯಿ ಮುಕ್ಕಳಿಸಿ, ಮಾಸ್ಕ್ ಬಿಗಿದು ಕೆಲಸಕ್ಕೆ ಕೂತ.