ಚಮನಬೀಯ ಕರುಳಿನ ಹುರಿ

ಭೀಮಾ ನದಿಯ ದಂಡೆಯಲ್ಲಿ ನಸುಕಿಗೇ ಶುರುವಾದ ಕೆಲಸ, ಸಾಲಿ ಗಂಟೆ ಬಾರಿಸುವ ಹೊತ್ತಿಗೆ ಅರ್ಧ ಮುಗಿದಿದೆ. ಚಮನಬೀ ಕುರಿಯ ದೊಡ್ಡ ಕರುಳನ್ನು ಹಿಂಡಿ, ಒಳಮೈ ಹೊರಗೆ ತಿರುವಿ, ನೀರಿಗೆ ಹಿಡಿಯುತ್ತಾಳೆ. ಅಷ್ಟರಲ್ಲಿ ಪಾಟಿಚೀಲ ಹೊತ್ತ ಮಗಳು ಮಕ್ತುಂಬಿ ಬಂದು ಎದುರಿಗೆ ನಿಲ್ಲುತ್ತಾಳೆ.

"ಸಾಲಿ ಬಿಟ್ಟು ಇಲ್ಲ್ಯಾಕ ಬಂದಿ?"

"ನಾ ಹೋಗಂಗಿಲ್ಲ. ಸಾಲಿ ಪೋರ್ಯಾರು 'ನಿಮ್ಮವ್ವ ಹೇಲು ತೊಳಿಯಾಕಿ' ಅಂತಾರ. ನನ್ನ ಬಾಜೂ ಯಾರೂ ಕೂಡ್ರಂಗಿಲ್ಲ."

ಚಮನಬೀಯ ಕೈ ನೀರಿನಲ್ಲೇ ನಿಲ್ಲುತ್ತದೆ. "ಹೌದವಾ, ತೊಳಿತೀನಿ. ತೊಳಿಲಿಲ್ಲಂದ್ರ ಊರ ಮಂದಿ ಹೆಂಗ ತಿಂತಿದ್ರು?" ಎನ್ನುತ್ತಾಳೆ. ಮಗಳು ನಗುವುದಿಲ್ಲ.

ನಿಜಾಮನ ಆಳಿಕೆ ಕೊನೆಗೊಳಿಸಿದ ಪೊಲೀಸ್ ಆಕ್ಷನ್ ಆಗಿ ಮೂರು ವರ್ಷ. ಯಾದಗಿರಿಯಲ್ಲಿ ಉರ್ದು ಇದ್ದ ಕಚೇರಿಯ ಭಾಷೆ ಬದಲಾಗುತ್ತಿದೆ, ಓಣಿಯ ಹೆಣ್ಣುಮಕ್ಕಳೂ ಕನ್ನಡ ಸಾಲಿಗೆ ಹೊರಟಿದ್ದಾರೆ. ಚಮನಬೀಯ ಗಂಡ ತೀರಿಕೊಂಡ ಮೇಲೆ ಅತ್ತೆ ಖುರ್ಷೀದಬೇಗಂ ಕಲಿಸಿಕೊಟ್ಟ ಕೆಲಸ ಇದು. ದಿನಕ್ಕೆ ಎಂಟು ಕುರಿಯ ಕರುಳು. ದೊಡ್ಡದು ಅಡಿಗೆಮನೆಗೆ. ನಲವತ್ತು ಮೊಳದ ಸಣ್ಣ ಕರುಳನ್ನು ಕೆರೆದು, ಬೂದಿನೀರಲ್ಲಿ ನೆನೆಹಾಕಿ, ಹೊಸೆದು, ನೆರಳಿನಲ್ಲಿ ಬಿಗಿದು ಒಣಗಿಸಿದರೆ ಹತ್ತಿ ಹಿಂಜುವವರ ಬಿಲ್ಲಿಗೆ ಹುರಿ. ಬೆರಳ ಸಂದುಗಳು ಸದಾ ಬಿರಿದಿರುತ್ತವೆ. ಅದರ ಬಗ್ಗೆ ಅವಳ ದೂರಿಲ್ಲ. ಮಗಳು ಸಾಲಿ ಬಿಡಬಾರದು, ಅಷ್ಟೇ.

ಬಳಿಚಕ್ರದಿಂದ ಹತ್ತಿ ಹಿಂಜುವ ಬಾಷುಮಿಯಾ ಹರಿದ ಹುರಿಯ ಬಿಲ್ಲು ಹೊತ್ತು ಬರುತ್ತಾನೆ.

"ಆಪಾ, ಸಂತ್ಯಾಗ ತಂದ ಹುರಿ ಕಟ್ಟಿ ಕೆಟ್ಟೆ. ಬೀಗರಂಗ ಮಾತ್ ಮಾತಿಗೆ ಮುನಿಸ್ಕೋತದ!"

"ಅಗ್ಗಕ್ಕ ಸಿಕ್ತಂತ ಹೋದವ ನೀನ."

ಹೊಸ ಹುರಿ ಬಿಗಿದು ಬಾಷುಮಿಯಾ ಮೀಟುತ್ತಾನೆ. ನಾದ ನೀರಿನ ಮೇಲೆ ಹಾಯುತ್ತದೆ. ಮುಖ ಊದಿಸಿಕೊಂಡ ಮಕ್ತುಂಬಿಯನ್ನು ನೋಡಿ, "ಯಾಕ ಈ ಪೋರಿ ಹಿಂಗದಾಳ?" ಎಂದು ಕೇಳಿ, ಸಂಗತಿ ತಿಳಿದುಕೊಳ್ಳುತ್ತಾನೆ.

"ಹುಚ್ಚಿ, ನಿಮ್ಮ ಸಾಲಿಯಾಗ ಗಾದಿ ಮ್ಯಾಲ ಮಲಗದ ಪೋರಿ ಎಷ್ಟು ಮಂದಿ ಅದಾರ? ಆ ಗಾದ್ಯಾಗ ತುಂಬಿದ ಅಳ್ಳಿ ಎಲ್ಲಾ ನಿಮ್ಮಮ್ಮನ ಹುರಿ ಹಿಂಜಿದ್ದು. ಬಾ, ಮೀಟು."

ಮಕ್ತುಂಬಿ ಒಂದು ಸಲ ಮೀಟುತ್ತಾಳೆ. ಬೆಚ್ಚಿ, ಮತ್ತೊಂದು ಸಲ. ಬಗ್ಗಿ ಹುರಿಯನ್ನು ಮೂಸುತ್ತಾಳೆ, ಏನೂ ವಾಸನೆಯಿಲ್ಲ. ಚಮನಬೀ ಮತ್ತೆ ಕರುಳಿಗೆ ಕೈ ಹಾಕುತ್ತಾಳೆ.

ಹುಡುಗಿ ಚೀಲ ಹೆಗಲಿಗೇರಿಸಿ ಕೇಳುತ್ತಾಳೆ:

"ಅಮ್ಮಾ, ಒಂದು ತುಣುಕು ಹುರಿ ಸಾಲಿಗೆ ಒಯ್ಲೇನು?"