ರೇಣುಕಾ ಕೇಳಿದ ರಜೆ

“ಮೇಡಂ, ಹದಿನೈದು ದಿನ ರಜಾ ಬೇಕ್ರಿ. ಗರ್ಭಕೋಶ ತೆಗಸಾಕ ಊರಿಗೆ ಹೊಂಟೀನಿ” ಎಂದಳು ರೇಣುಕಾ. ಪೀಣ್ಯದ ಗಾರ್ಮೆಂಟ್ಸ್ ಒಂದರಲ್ಲಿ ನಾನು ಸೂಪರ್‌ವೈಸರ್, ಯಾದಗಿರಿ ಕಡೆಯ ಅವಳು ನನ್ನ ಲೈನಿನ ಟೈಲರ್. ವಯಸ್ಸು ಬರೀ ಇಪ್ಪತ್ತೇಳು. ಗಾಬರಿಯಾಗಿ ಯಾಕೆಂದು ಕೇಳಿದೆ.

“ಮುಟ್ಟಾದ್ರ ರಕ್ತ ನಿಲ್ಲಂಗಿಲ್ರಿ. ತಿಂಗಳಾ ತಿಂಗಳಾ ನಿಮ್ಮ ಹತ್ರ ರಜಾ ಕೇಳಾಕ ಅಂಜಿಕಿ ಬರ್ತೈತಿ.”

ಮರುದಿನವೇ ಅವಳನ್ನು ಹತ್ತಿರದ ಸರ್ಕಾರಿ ಆಸ್ಪತ್ರೆಗೆ ಕರೆದೊಯ್ದೆ. ಸ್ಕ್ಯಾನ್ ನೋಡಿದ ಡಾಕ್ಟರ್, ಗರ್ಭಕೋಶದಲ್ಲಿ ಚಿಕ್ಕ ಗಡ್ಡೆಯಿದೆ, ಮಾತ್ರೆ ಸಾಕು, ಆಪರೇಷನ್ ಬೇಡ ಎಂದರು. ನನಗೆ ಹೋದ ಜೀವ ಬಂದಂತಾಯಿತು. ಅವಳು ಮಾತ್ರ ಅಳತೊಡಗಿದಳು. “ತೆಗದಿದ್ರ ಒಮ್ಮೆಗೇ ಮುಗೀತಿತ್ತಲ್ರಿ!” ಮಾತ್ರೆ ಕೊಡಿಸಿ ಅವಳನ್ನು ಮನೆಗೆ ಬಿಟ್ಟುಬಂದೆ.

ಮೂರು ತಿಂಗಳಲ್ಲಿ ರಕ್ತಸ್ರಾವ ಹತೋಟಿಗೆ ಬಂತು. ನನ್ನ ಗೊಂದಲ ಮಾತ್ರ ಹೋಗಿಲ್ಲ. ನಾನೂ ಹೆಂಗಸೇ. ಒಂದು ದಿನದ ರಜೆ ಕೇಳುವುದಕ್ಕಿಂತ ಗರ್ಭಕೋಶ ತೆಗೆಸುವುದೇ ಸುಲಭ ಎನಿಸುವಷ್ಟು ಬಿಗಿಯಾಗಿದ್ದೆನೇ ನಾನು?